ದೀಪದಂಗಡಿಯಲ್ಲಿ ನನ್ನ ಭಾವಮೈದ

ನಂಜನಗೂಡಿನ ದೀಪದಂಗಡಿಯೊಂದರಲ್ಲಿ ಗಿರಾಕಿಗಳು ಇಂದಿಗೂ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರೆ, ಅದಕ್ಕೆ ನನ್ನ ಭಾವಮೈದನೇ ಹೊಣೆ. ಅಂಗಡಿಯವರು ನನ್ನನ್ನು ದೂರಬಾರದು!

ಸೋಮನಾಥಪುರದ ಪಕ್ಕದ ಹಳ್ಳಿಯಲ್ಲಿ ಗದ್ದೆ, ಹಸು ನೋಡಿಕೊಂಡಿರುವ ಈ ಮಹಾಶಯ ನನ್ನ ಹೆಂಡತಿಯ ಒಬ್ಬನೇ ತಮ್ಮ. ದೀಪದ ವಿಷಯದಲ್ಲಿ ಅವನು ನನಗೆ ಮಾಡಿದ ಅವಮಾನ ಇಂದು ನಿನ್ನೆಯದಲ್ಲ. ಹಿಂದೊಮ್ಮೆ ಅವನ ಮಗಳ ಓದಿಗೆಂದು ಬಗ್ಗುವ ಕತ್ತಿನ ಮೇಜುದೀಪವೊಂದನ್ನು ಮೈಸೂರಿನಿಂದ ತಂದುಕೊಟ್ಟಿದ್ದೆ. ಮುಂದಿನ ಸಲ ಹೋದಾಗ ಅದು ಹಿತ್ತಲಲ್ಲಿ, ಕೋಳಿಮರಿಗಳ ಮೇಲೆ ಕತ್ತು ಬಗ್ಗಿಸಿಕೊಂಡು ನಿಂತಿತ್ತು!

"ನಿಮ್ ದೀಪ ಬೋ ಚೆನ್ನಾಗದೆ ಭಾವ. ಬೆಚ್ಚಗದೆ, ಒಂದ್ ಮರೀನೂ ಸಾಯ್ನಿಲ್ಲ" ಎಂದ.

ಕೃತಜ್ಞತೆಯೆಂದರೆ ಇದೇ ಏನು? ನಾನು ಮರೆತಿದ್ದೇನೆಂದು ಅವನು ತಿಳಿದಿದ್ದಾನೆ.

ಈ ವರ್ಷ ನನ್ನಾಕೆಗೆ ಕಣ್ಣಿನ ಪೊರೆ ತೆಗೆದರು. ಎಲ್ಲವೂ ಸರಿಯಾಗಿಯೇ ಆಯಿತು. ಆದರೆ ನಡುಮನೆಯ ಟ್ಯೂಬ್‌ಲೈಟಿನ ಬಿಳಿ ಬೆಳಕು ಮಾತ್ರ ಅವಳ ಕಣ್ಣಿಗೆ ಒಗ್ಗದಾಯಿತು. ಮುಸ್ಸಂಜೆ ದೀಪ ಹಾಕಿದೊಡನೆ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಅಡುಗೆಮನೆಯ ಮಬ್ಬಿಗೆ ಸರಿದುಬಿಡುವಳು. ನಡುಮನೆಯಲ್ಲಿ ನಾನೊಬ್ಬನೇ ಟೀವಿಗೆ ಉತ್ತರ ಕೊಡುತ್ತ ಕೂರುವೆನು. ಅವಳನ್ನು ಈಚೆಗೆ ಕರೆತರಬಲ್ಲ ದೀಪವೊಂದು ಬೇಕಾಗಿತ್ತು. ಜೊತೆಗೆ ಮನೆಗೊಂದು ಘನತೆಯೂ ಬೇಡವೇ? ಗಾಜಿನ ಹರಳುಗಳ ಗೊಂಚಲುದೀಪವನ್ನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದೆ. ಸುದ್ದಿ ತಿಳಿದ ಭಾವಮೈದ, ಯಾರೂ ಕರೆಯದೆಯೇ, ನರಸೀಪುರದಲ್ಲಿ ಬಸ್ಸು ಹತ್ತಿ ನಂಜನಗೂಡಿಗೆ ಬಂದಿಳಿದ.

ಅಂಗಡಿಯ ಮೆಟ್ಟಿಲಲ್ಲೇ ಮೊದಲ ಪ್ರಹಸನ. "ಇಷ್ಟೊಂದು ದೀಪ ಉರೀತಾವೆ, ಚಪ್ಲಿ ಮೆಟ್ಕೊಂಡು ಓಗಕ್ಕಾದದಾ?" ಎಂದು ಚಪ್ಪಲಿ ಬಿಟ್ಟ. ನಾನೂ ಬಿಡಬೇಕಾಯಿತು. ನಮ್ಮ ಹಿಂದೆ ಬಂದ ದಂಪತಿಗಳು ಇದು ಇಲ್ಲಿನ ಪದ್ಧತಿಯೆಂದುಕೊಂಡು ತಾವೂ ಬಿಟ್ಟರು. ಸ್ವಲ್ಪ ಹೊತ್ತಿಗೆ ಅಂಗಡಿಯ ಬಾಗಿಲು ಗುಡಿಯ ಬಾಗಿಲಾಗಿತ್ತು. ಹೂ ಮಾರುವವಳು ಬುಟ್ಟಿ ಇಳಿಸುವುದೊಂದು ಬಾಕಿ!

ದೀಪ ಹಚ್ಚಿದಾಗ ಕೈಮುಗಿಯುವುದು ನಮ್ಮವರ ವಾಡಿಕೆ; ನಾನು ಬಲ್ಲೆ. ಆದರೆ ಅಂಗಡಿಯಲ್ಲಿಯೂ ಉಂಟೇ? ಮಾರಾಟದವನು ಒಂದೊಂದು ಗುಂಡಿ ಒತ್ತಿದಾಗಲೂ ಇವನದು ಒಂದೊಂದು ನಮಸ್ಕಾರ. ಕೊನೆಗೆ ಆತ ರಿಮೋಟಿನಿಂದ ಬಣ್ಣ ಬದಲಿಸುವ ದೀಪವೊಂದನ್ನು ಬೆಳಗಿಸಿದ. ಇವನು ಬಿಳಿಗೆ ಕೈಮುಗಿದ, ಹಳದಿಗೆ ಮುಗಿದ, ನೀಲಿಗೆ ಮುಗಿದ, ಹಸಿರಿಗೆ ಬರುವಷ್ಟರಲ್ಲಿ ಸೋತುಹೋದ.

"ಸಾ, ಒಂದ್ ಕಡೆ ನಿಂತ್ಕೊಳಕ್ಕೇಳಿ ಅದ್ಕೆ! ಎಷ್ಟ್ ಸಲ ಕೈಮುಗೀಲಿ?"

ಪರೀಕ್ಷೆಯ ವಿಧಾನವೂ ಅವನದೇ. ದೀಪದ ನೇರ ಕೆಳಗೆ ನಿಂತು, ಕತ್ತೆತ್ತಿ, ರೆಪ್ಪೆ ಬಡಿಯದೆ ದಿಟ್ಟಿಸುವುದು. ಕಣ್ಣಲ್ಲಿ ನೀರು ಬಂತೋ, "ಚುಚ್ತದೆ, ಬ್ಯಾಡ" ಎಂದು ಮುಂದಿನದಕ್ಕೆ ಹೋಗುವುದು. ನನ್ನ ಗೊಂಚಲುದೀಪದ ಕೆಳಗೂ ನಿಂತ. ನೀರು ಧಾರೆಯಾಗಿ ಇಳಿಯಿತು.

"ಭಾವ, ಇದು ಮದುವೆ ಛತ್ರದ್ದು. ಇದರಡೀಲಿ ಕೂತ್ರೆ, ಎಲೆ ಯಾವಾಗ ಹಾಕ್ತಾರೆ ಅಂತ ಕಾಯ್ಬೇಕಾಯ್ತದೆ!"

ಮಾರಾಟದವನು ನಕ್ಕ. ಅವನ ಮುಖವೂ ನನ್ನ ನೆನಪಿನಲ್ಲಿ ಭದ್ರವಾಗಿದೆ.

ಕಟ್ಟಕಡೆಗೆ ಭಾವಮೈದ ಮೆಚ್ಚಿದ್ದು, ಬೆತ್ತದ ಬುಟ್ಟಿಯೊಂದನ್ನು ಕವುಚಿಹಾಕಿದಂತಿದ್ದ ಹಳದಿ ದೀಪ!

"ಕೋಳಿ ಮುಚ್ಚುವ ಕುಕ್ಕೆಯನ್ನು ನನ್ನ ನಡುಮನೆಗೆ ತೂಗುಹಾಕಬೇಕೇನಯ್ಯ?"

"ಅಕ್ಕ ಇದರಡೀಲಿ ಕೂತ್ಕತಾಳೆ ಭಾವ. ಕೂತ್ಕೊಳ್ನಿಲ್ಲ ಅಂದ್ರೆ, ನಿಮ್ ಗೊಂಚಲ್ನ ನಾನೇ ತಲೆ ಮೇಲೆ ಒತ್ಕೊಂಡ್ ಬತ್ತೀನಿ."

ಕೂರಬಾರದೆಂದೇ ನಾನು ಹಾರೈಸಿದೆ ಎಂದಲ್ಲ. ಗೊಂಚಲಿಗೆ ಅವಕಾಶವಿನ್ನೂ ಉಂಟೆಂದು ಸಮಾಧಾನಪಟ್ಟುಕೊಂಡೆ, ಅಷ್ಟೇ.

ಮುಸ್ಸಂಜೆ ಕುಕ್ಕೆಯನ್ನು ನಡುಮನೆಗೆ ತೂಗುಹಾಕಿ, ಬೆಳಗಿಸಿ, ನನ್ನಾಕೆಯನ್ನು ಕರೆದೆವು. ಎಂದಿನಂತೆ ಸೆರಗು ಎಳೆದುಕೊಂಡೇ ಬಂದವಳು ಹೊಸ್ತಿಲಲ್ಲಿ ನಿಂತಳು. ಮೆಲ್ಲಗೆ ಸೆರಗನ್ನು ಕೆಳಗೆ ಬಿಟ್ಟಳು. ಒಳಬಂದು ದೀಪದ ಕೆಳಗೇ ಕುಳಿತಳು.

"ಏನೋ ಇದು, ಕಣ್ಣು ಇಷ್ಟೊಂದು ಕೆಂಪಗಾಗವೆ?" ಎಂದು ತಮ್ಮನನ್ನು ಗದರಿದಳು.

"ಬಸ್ನಲ್ಲಿ ಧೂಳು ಕಣಕ್ಕ" ಎಂದನವನು.

ಆಮೇಲೆ ನನ್ನ ಕಡೆ ತಿರುಗಿದಳು. ತಿಂಗಳುಗಳಿಂದ ಸಂಜೆಯ ಹೊತ್ತು ನನ್ನನ್ನು ಹಾಗೆ ನೋಡಿರಲಿಲ್ಲ. ಕುಕ್ಕೆಯ ಮೇಲಿನ ದೂರುಗಳನ್ನೆಲ್ಲ ಕ್ರಮವಾಗಿ ಜೋಡಿಸಿಕೊಂಡು ಕುಳಿತಿದ್ದೆ.

"ಏನ್ರೀ, ಎಷ್ಟು ಬಡವಾಗ್ಬಿಟ್ಟಿದ್ದೀರಿ! ನಂಗೆ ಯಾರೂ ಹೇಳ್ಲೇ ಇಲ್ವಲ್ಲ?"

ದೂರುಗಳನ್ನು ಇನ್ನೊಂದು ದಿನಕ್ಕೆ ಎತ್ತಿಟ್ಟೆ. ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.