ಟೈಲರ್ ಅಂಗಡಿ ಮುಂದೆ ನಿಂತ ಕಾಲು

ಸ್ವಲ್ಪ ಹತ್ರ ಬನ್ನಿ, ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ಕೇಳಿ ನಿಮ್ಮ ಹೊಟ್ಟೇಲೇ ಇಟ್ಕೋಬೇಕು, ತಾಯಾಣೆ. ನಾನೂ ಯಾರಿಗೂ ಹೇಳಿಲ್ಲ. ಹಾಲಿನವಳಿಗೆ, ನಮ್ಮ ನಾದಿನಿಗೆ, ಅಮೃತೂರು ಬಸ್ಸಲ್ಲಿ ಪಕ್ಕ ಕೂತಿದ್ದ ಒಬ್ಬ ಹೆಂಗಸಿಗೆ, ಅಷ್ಟೇ.

ಸಕ್ಕರೆ ಕಾಯಿಲೆ ಹೊಕ್ಕ ಮನೇಲಿ ದಿನಕ್ಕೊಂದು ನಾಟಕ ನಡೀತಾನೇ ಇರುತ್ತೆ. ಮರಳೂರಲ್ಲಿ ನಮ್ಮ ಎದುರು ಮನೆ ಯಜಮಾನ್ರ ಬಲಗಾಲು ಹೋಗಿದ್ದು ಹಂಗೇ. ಕುಣಿಗಲ್ ಕಡೆ ಪ್ರೈವೇಟ್ ಬಸ್ಸಲ್ಲಿ ಕಂಡಕ್ಟ್ರಾಗಿದ್ದು ಬಿಟ್ಟು ಬಂದೋರು. ಶುಗರ್ ಇರೋದು ಗುಟ್ಟು, ಯಾಕಂದ್ರೆ ಮಗಳು ಮದುವೆಗಿದ್ಲು. ಅಪ್ಪಂಗೆ ಇದ್ರೆ ಮಗಳಿಗೂ ಬರುತ್ತೆ ಅಂತ ಗಂಡಿನ ಕಡೆಯೋರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗ್ತಿದ್ದ ಕಾಲ ಅದು.

ಪಾಸಾದ ರಕ್ತ

ರಕ್ತ ಪರೀಕ್ಷೆ ಅಂದ್ರೆ ಅವರಿಗೆ ಎಸ್ಸೆಸ್ಸೆಲ್ಸಿ ಇದ್ದಂಗೆ. ಗುರುವಾರ ರಕ್ತ ಕೊಡೋದಿದ್ರೆ ಮಂಗಳವಾರದಿಂದ ಹಾಗಲಕಾಯಿ ರಸ, ನೀರು ಮಜ್ಜಿಗೆ. ಮಿಕ್ಕ ತಿಂಗಳೆಲ್ಲ ಬಾಯಿಗೆ ಬಂದಿದ್ದು. ಡಾಕ್ಟ್ರು ರಿಪೋರ್ಟ್ ನೋಡಿ, "ಪರವಾಗಿಲ್ಲ. ಆದ್ರೆ ಹುಷಾರು. ಸಕ್ಕರೆ ಏರಿದ್ರೆ ದೊಡ್ಡ ರಕ್ತನಾಳದ ಒಳಗೋಡೆ ಕೆಡುತ್ತೆ, ಕೊಬ್ಬು ಕಟ್ಕೊಂಡು ದಾರಿ ಸಣ್ಣ ಆಗುತ್ತೆ. ಹೃದಯ, ಮೆದುಳು, ಕಾಲು, ಯಾವುದಕ್ಕೆ ಬೇಕಾದ್ರೂ ರಕ್ತ ನಿಲ್ಲಬಹುದು" ಅಂದ್ರಂತೆ. ಇವರಿಗೆ ಕೇಳಿಸಿದ್ದು "ಪರವಾಗಿಲ್ಲ" ಅನ್ನೋದೊಂದೇ. ಬರೋವಾಗ ಕೈಲಿ ಮೈಸೂರುಪಾಕಿನ ಪೊಟ್ಟಣ.

"ತಗೊಳ್ಳಿ ಅಕ್ಕಾ," ಅಂದ್ರು ಮೆಲ್ಲಗೆ, "ಶುಗರ್ ನಾರ್ಮಲ್ ಬಂತು!"

ತಗೊಂಡೆ. ಪಾಸಾದೋರ ಮನೆ ಸಿಹಿ ಬೇಡ ಅನ್ನಬಾರದು.

ಗುಬ್ಬೀಲಿ ಬಂದ ಗ್ಯಾಸು

ಅಂತೂ ಮಗಳಿಗೆ ಗುಬ್ಬಿ ಕಡೆ ಸಂಬಂಧ ಕುದುರ್ತು. ಬೀಗರ ಮನೆ ಊಟ. ಹೋಳಿಗೆ ಮೇಲೆ ತುಪ್ಪ, ತುಪ್ಪದ ಮೇಲೆ ಹೋಳಿಗೆ. ಬೇಡ ಅಂದ್ರೆ ಗುಟ್ಟು ರಟ್ಟು. ತಿಂದ್ರು ಮಹಾನುಭಾವ್ರು. ಎಲೆ ಎತ್ತೋ ಹೊತ್ತಿಗೆ ಮೈಯೆಲ್ಲ ಬೆವರು, ಎದೆ ಸ್ವಲ್ಪ ಭಾರ. ಬೀಗರು, "ಗ್ಯಾಸು ಕಣ್ರೀ, ಸೋಡಾ ತರ್ಸಿ" ಅಂದ್ರು. ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿಸಿದ್ರು. ಒಂದು ತೇಗು ಬಂತು, ಎಲ್ಲಾರಿಗೂ ಸಮಾಧಾನ ಆಯ್ತು.

ಮದುವೆಯೂ ಆಯ್ತು. ಆಮೇಲೊಂದು ಸಲ ಇಸಿಜಿ ತೆಗೆದ ಡಾಕ್ಟ್ರು ಕೇಳಿದ್ರು, "ಹಾರ್ಟ್ ಅಟ್ಯಾಕ್ ಯಾವಾಗ ಆಗಿತ್ತು?"

"ಯಾರಿಗೆ ಸಾರ್?"

"ನಿಮಗೇ ರೀ. ಸಕ್ಕರೆ ಕಾಯಿಲೆಯೋರಿಗೆ ಕೆಲವು ಸಲ ನೋವೇ ಗೊತ್ತಾಗಲ್ಲ."

ಇವರು ಹೆಂಡ್ತಿ ಕಡೆ ತಿರುಗಿ, "ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಅಂತ ಗದರಿದ್ರಂತೆ.

ಬ್ಲೌಸ್ ಹೊಲಿಯೋಳು

ಇದು ಕೇಳಿ, ಇದು. ದಿನಾ ನಡೀರಿ ಅಂತ ಆ ಇಸಿಜಿ ಡಾಕ್ಟ್ರು ಹೇಳಿ ಕಳ್ಸಿದ್ರಂತೆ, ಬೆಳಗ್ಗೆ ಹೊರಡೋರು. ಹೊರಟೋರು ದಿನಾ ಒಂದೇ ಜಾಗದಲ್ಲಿ ನಿಲ್ಲೋರು. ಎಲ್ಲಿ? ಮೂಲೇಲಿ ಬ್ಲೌಸ್ ಹೊಲಿಯೋ ಟೈಲರಮ್ಮನ ಅಂಗಡಿ ಮುಂದೆ. ಕರೆಂಟ್ ಕಂಬ ಹಿಡ್ಕೊಂಡು ನಿಲ್ಲೋರು, ಆಮೇಲೆ ಏನೂ ಆಗದೋರ ಹಂಗೆ ಮುಂದಕ್ಕೆ ಹೋಗೋರು. ಅವಳನ್ನೋ ಗಂಡ ಬಿಟ್ಟು ಹೋಗವ್ನೆ. ಕಣ್ಣಿದ್ದೋರಿಗೆ ಇನ್ನೇನು ಬೇಕು? ಅವರ ಹೆಂಡ್ತಿ ಕಿವೀಲಿ ಒಂದು ಮಾತು ಹಾಕ್ದೆ. ನೆರೆಹೊರೆ ಅಂದ್ಮೇಲೆ ಹೇಳಬೇಕಲ್ವಾ?

ಆಕೆ ಮಾರನೇ ದಿನ ಹಿಂದೆಯೇ ಹೋಗಿ ಹಿಡಿದ್ಲು. ಬೀದಿಗೆ ಬೀದಿಯೇ ನಿಂತು ನೋಡ್ತು.

"ಮೀನಖಂಡ ಹಿಡ್ಕೊಳ್ಳುತ್ತೆ ಕಣೇ," ಅಂತ ಅವರು, "ಒಂದ್ಗಳಿಗೆ ನಿಂತ್ರೆ ಬಿಡುತ್ತೆ."

"ಹೌದು ಕಣಮ್ಮಾ, ಕಾಲು ಉಜ್ಕೊಂಡು ಹೋಗ್ತಾರೆ. ನನ್ನ ಕಡೆ ತಿರುಗೂ ನೋಡಿಲ್ಲ," ಅಂತ ಟೈಲರಮ್ಮ.

ಹೆಂಡ್ತಿ ಸೆರಗು ಸಿಕ್ಕಿಸಿಕೊಂಡು ಕೇಳಿದ್ಲು, "ಕಿರಾಣಿ ಅಂಗಡಿ ಮುಂದೆ ಹಿಡ್ಕೊಳ್ಳದ ಕಾಲು, ಬ್ಲೌಸ್ ಹೊಲಿಯೋಳ ಮುಂದೇನೇ ಹಿಡ್ಕೊಳ್ಳುತ್ತಾ?"

ಅವತ್ತಿಂದ ವಾಕಿಂಗ್ ಬಂದ್. ಡಾಕ್ಟ್ರ ಹತ್ರ ಕಾಲಿನ ಮಾತು ಎತ್ತಿದ್ರೆ ಟೈಲರಮ್ಮನ ಮಾತೂ ಬರುತ್ತೆ ಅಂತ ಇಬ್ಬರೂ ಬಾಯಿ ಮುಚ್ಕೊಂಡ್ರು.

ಬಿಸಿನೀರು

ಮನೇಲೇ ಕೂತು ಕೂತು ಪಾದ ತಣ್ಣಗೆ ಕಲ್ಲಾಯ್ತು. ಬೆರಳು ನೀಲಿ ತಿರುಗ್ತು. ಗಂಡನ ಮೇಲೆ ಕೋಪ ಇದ್ರೂ ಸೇವೆ ಬಿಡ್ತಾಳಾ? ಹಂಡೆ ನೀರು ಬಕೆಟ್ಟಿಗೆ ಸುರಿದು ಕಾಲು ಇಡಿಸಿದ್ಲು.

"ಬಿಸಿಯಾಗೈತಾ ರೀ?"

"ಇಲ್ಲ ಕಣೇ, ಇನ್ನೊಂದು ಚೊಂಬು ಹಾಕು."

ಹಾಕಿದ್ಲು. ಮತ್ತೂ ಹಾಕಿದ್ಲು. ಹಬೆ ಏಳ್ತಾ ಇದೆ, ಆಸಾಮಿ ಪೇಪರ್ ಓದ್ತಾ ಕೂತವ್ರೆ! ನಾನು ಬಾಗಿಲಲ್ಲೇ ನಿಂತಿದ್ದೆ, "ಏನ್ ಗಟ್ಟಿ ಜೀವ ಕಣಮ್ಮಾ ನಿಮ್ಮೆಜಮಾನ್ರದು" ಅಂದೆ. ಆಕೆ ನೀರಿಗೆ ಕೈ ಇಟ್ಟೋಳು ಕಿಟಾರನೆ ಕಿರುಚಿಕೊಂಡ್ಲು. ಕಾಲೆತ್ತಿದ್ರೆ ಚರ್ಮ ಬಕೆಟ್ಟಲ್ಲೇ ಉಳೀತು.

"ಅದ್ಯಾಕೆ ಹಂಗೆ ಕಿರುಚ್ತೀಯೆ? ಬೆಂದಿದ್ದು ನನ್ ಕಾಲು," ಅಂದ್ರು ಅವರು.

ಆಸ್ಪತ್ರೆ

ಬೆಂದ ಗಾಯ ಮಾಯಲೇ ಇಲ್ಲ. ಕಪ್ಪಗಾಗಿ ಮೇಲಕ್ಕೆ ಏರ್ತಾ ಬಂತು. ಕೊನೆಗೆ ಮಂಡಿ ಕೆಳಗೆ ತೆಗೆದೇಬಿಟ್ರು.

ನೋಡೋಕೆ ಹೋದೆ. ರೋಗಿ ಹತ್ರ ಬರಿಗೈಲಿ ಹೋಗಬಾರದು ಅಂತ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡ್ಕೊಂಡೇ ಹೋದೆ. ಮಂಚದ ಮೇಲೆ ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆ. ಅವರು ಕಣ್ಣು ಮುಚ್ಕೊಂಡೇ, "ಹೆಬ್ಬೆರಳು ನವೆ ಕಣೇ, ಕೆರಿ" ಅಂತಿದ್ರು. ಆಕೆ ಇಲ್ಲದ ಕಾಲಿನ ಜಾಗದಲ್ಲಿ ಹಾಸಿಗೆ ಕೆರೀತಿದ್ಲು.

ಆಕೇನೇ ಹೇಳಿದ್ಲು. ಕಾಲಿನ ದೊಡ್ಡ ರಕ್ತನಾಳ ಆವಾಗಲೇ ಮುಚ್ತಾ ಬಂದಿತ್ತಂತೆ. ಸ್ವಲ್ಪ ದೂರ ನಡೆದ್ರೆ ರಕ್ತ ಸಾಲದೆ ಹಿಡ್ಕೊಳ್ಳೋದಂತೆ. ಆ ಕಾಲು ಎಷ್ಟು ದೂರಕ್ಕೆ ಸುಸ್ತಾಗ್ತಿತ್ತೋ ಅಲ್ಲಿ ಟೈಲರಮ್ಮನ ಅಂಗಡಿ ಇತ್ತು, ಅಷ್ಟೇ. "ಅವಾಗ್ಲೇ ಕರ್ಕೊಂಡು ಬಂದಿದ್ರೆ ಕಾಲು ಉಳೀತಿತ್ತೇನೋ ಅಂದ್ರು ಡಾಕ್ಟ್ರು" ಅಂತ ಕಣ್ಣೊರೆಸಿಕೊಂಡ್ಲು.

ನಾನೇನು ಸುಳ್ಳು ಹೇಳಿದ್ನಾ? ನಿಂತಿದ್ದು ಕಂಡೆ, ನಿಂತವ್ರೆ ಅಂದೆ. ಬಾಳೆಹಣ್ಣು ಕೆಳಗಿಟ್ಟು, ಹತ್ರ ಬಗ್ಗಿ ಮೆಲ್ಲಗೆ ಕೇಳ್ದೆ, "ಅಲ್ಲ ಕಣಮ್ಮಾ, ಆ ಟೈಲರಮ್ಮ ನೋಡೋಕೇನಾದ್ರೂ ಬಂದಿದ್ಲಾ?"

ಆಕೆ ಕೆರೆಯೋ ಕೈ ನಿಲ್ಲಿಸಿದ್ಲು. ವಾರ್ಡಿಗೆಲ್ಲ ಕೇಳೋ ಹಂಗೆ, ನನ್ನ ಮುಖ ನೋಡ್ಕೊಂಡೇ ಅಂದ್ಲು:

"ಅಕ್ಕಾ, ಇವರ ಕಾಲಿಗೆ ಹೋಗದ ರಕ್ತ ಎಲ್ಲಿಗೆ ಹೋಯ್ತು ಅಂತ ಡಾಕ್ಟ್ರನ್ನ ಕೇಳಬೇಕು ಅಂತಿದ್ದೆ. ಇನ್ನು ಕೇಳಲ್ಲ ಬಿಡಿ, ಎಲ್ಲ ನಿಮ್ಮ ನಾಲಿಗೆಗೇ ಹರಿದೈತೆ."