ಮಾನ್ಯ ಲೈನ್ ಅವರಿಗೆ, ಶಿರಹಟ್ಟಿಯ ಸಂಬಂಧ ಕೆಡಿಸಿದ ಕುರಿತು

ಮಾನ್ಯರೇ,

ಗದಗ ಜಿಲ್ಲೆಯಾದ ಮರುವರ್ಷದ ಈ ಶುಭ ಸಂದರ್ಭದಲ್ಲಿ, ಬೆಟಗೇರಿಯ ಬೋರ್ಡ್ ಪೇಂಟರ್ ಖಲೀಲನಾದ ನಾನು, ಎರಡೇ ಅಕ್ಷರದ ದೇಹದಲ್ಲಿ ಇಷ್ಟೊಂದು ಅರ್ಥಗಳನ್ನು ಸಾಕಿಕೊಂಡಿರುವ ತಮಗೆ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ನಾವೆಲ್ಲ ಕ್ಷೇಮ. ತಾವು ಕ್ಷೇಮವೋ ಎಂದು ಕೇಳುವ ಅಗತ್ಯವೇ ಇಲ್ಲ. ತಾವು ರೇಷನ್ ಅಂಗಡಿಯ ಮುಂದೆ ನಿಂತಿರುತ್ತೀರಿ, ಜಂಕ್ಷನ್ನಿನಲ್ಲಿ ರೈಲಿನ ಕೆಳಗೆ ಮಲಗಿರುತ್ತೀರಿ, ಸಿಂಗಟಾಲೂರಿನ ಕಡೆ ನೀರಿನ ಪೈಪಿನ ಬೆನ್ನು ಹತ್ತಿ ಹೊರಟಿರುತ್ತೀರಿ. ಮಾಗಡಿ ಕೆರೆಗೆ ಪರದೇಶದಿಂದ ಬರುವ ಹಕ್ಕಿಗಳು ಕೂಡ ಸಾಲುಗಟ್ಟಿ ತಮ್ಮ ಹೆಸರಿನಲ್ಲೇ ಹಾರುತ್ತವೆಂದು ಕೇಳಿದ್ದೇನೆ. ಇಷ್ಟು ಕಡೆ ಕೆಲಸವಿರುವ ತಾವು, ನನ್ನ ಗೆಳೆಯ ಸಿದ್ದರಾಮನ ಮದುವೆಯ ಮಾತಿನಲ್ಲಿ ಬಂದು ಕುಳಿತದ್ದೇಕೆ ಎಂಬುದೇ ಈ ಪತ್ರದ ವಿಷಯ.

ನಾನೂ ಸಿದ್ದರಾಮನೂ ಹದಿನೈದು ವರ್ಷಗಳಿಂದ ಕೂಡಿ ಬೋರ್ಡು ಬರೆಯುತ್ತಿದ್ದೇವೆ. ಜಿಲ್ಲೆಯಾದ ಮೇಲೆ, ಸಾಹೇಬರುಗಳ ಕಾರು ಓಡಾಡುವ ರಸ್ತೆಗಳಿಗೆ ನಡುವೆ ಬಿಳಿ ಪಟ್ಟಿ ಬೇಕೆಂದು ಆರ್ಡರ್ ಬಂತು, ಆ ಕೆಲಸ ನಮಗೆ ಸಿಕ್ಕಿತು. ನಾನು ಹುರಿ ಎಳೆದು ಹಿಡಿಯುತ್ತೇನೆ, ಅವನು ಮಂಡಿಯೂರಿ ಬಣ್ಣ ಎಳೆಯುತ್ತಾನೆ. ನಮ್ಮ ಕಸುಬಿನ ಮಾತಿನಲ್ಲಿ ಇದಕ್ಕೆ ‘ಲೈನ್ ಹೊಡಿಯೋದು’ ಎನ್ನುತ್ತಾರೆ. ಹುಡುಗಿಯರ ಹಿಂದೆ ಬಿದ್ದು ಕಣ್ಣು ಹೊಡೆಯುವುದಕ್ಕೂ ಜನ ಇದೇ ಮಾತು ಆಡುತ್ತಾರೆಂಬುದು ನನಗೆ ತಿಳಿಯದ್ದೇನಲ್ಲ. ಆದರೆ ಆರು ತಿಂಗಳು ಬಿಸಿಲಿನಲ್ಲಿ ಡಾಂಬರಿನ ಮೇಲೆ ಕುಳಿತೆದ್ದವನಿಗೆ ಅಂಥ ರಸಿಕತೆ ನೆನಪಿರುವುದಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಶಿರಹಟ್ಟಿಯಲ್ಲಿ ಪುಂಡಲೀಕಪ್ಪನವರೆಂದು ಇದ್ದಾರೆ. ಮೂವತ್ತು ವರ್ಷ ಕರೆಂಟಿನ ಕಂಬ ಹತ್ತಿ ಇಳಿದು ನಿವೃತ್ತರಾದ ಲೈನ್‌ಮನ್. ಅವರ ಮಗಳು ಕಾವೇರಿ, ಊರ ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರು. ಆ ಹುಡುಗಿಯನ್ನು ನೋಡಲು ಸಿದ್ದರಾಮ, ಅವನ ತಾಯಿ ಫಕ್ಕೀರವ್ವ ಹಾಗೂ ಮಾತು ಬಲ್ಲವನೆಂಬ ಹೆಸರಿದ್ದ ನಾನು, ಒಂದು ರವಿವಾರ ಹೋದೆವು. ಅವಲಕ್ಕಿ ಬಂತು, ಚಹಾ ಬಂತು. ಪುಂಡಲೀಕಪ್ಪನವರು, “ಹುಡುಗ ಏನ್ ಕೆಲಸ ಮಾಡ್ತಾನ್ರಿ?” ಎಂದು ಕೇಳಿದರು.

“ಲೈನ್ ಹೊಡಿತಾನ್ರಿ,” ಎಂದೆ ನಾನು, ಅಭಿಮಾನದಿಂದ.

“ಎಲ್ಲೆ?”

“ಗದಗಿನ್ಯಾಗ ಬಿಟ್ಟ ಜಾಗಾನ ಇಲ್ಲರಿ. ಬಸ್ ಸ್ಟ್ಯಾಂಡ್ ಮುಂದ ಆತು, ಹೆಣ್ಮಕ್ಕಳ ಕಾಲೇಜಿನ ಮುಂದಂತೂ ಎರಡೆರಡು ಸಲ ಹೊಡದಾನ. ನಾನೂ ಸಂಗಾಟ ಇರ್ತೀನ್ರಿ.”

ಫಕ್ಕೀರವ್ವ ಸುಮ್ಮನಿರಬೇಕಲ್ಲ. “ಬಿಸಲು ಅನ್ನಂಗಿಲ್ಲ, ಏನಂಗಿಲ್ಲ. ಮುಂಜಾನಿಂದ ಸಂಜಿತನಕ ನನ್ನ ಮಗಂದು ಅದ ಕೆಲಸ್ರಿ. ದೊಡ್ಡ ಸಾಹೇಬ್ರ ಶಾಭಾಶ್ ಅಂದಾರ,” ಎಂದಳು. ತಲೆ ತಗ್ಗಿಸಿ ಕುಳಿತಿದ್ದ ಸಿದ್ದರಾಮ, ತಾನೂ ಒಂದು ಮಾತಾಡದಿದ್ದರೆ ಮರ್ಯಾದೆಯಲ್ಲವೆಂದು, “ಮೊದಮೊದಲ ಕೈ ನಡಗತಿತ್ರಿ. ಈಗ ರೂಢಿ ಆಗೇತಿ,” ಎಂದ.

ಪುಂಡಲೀಕಪ್ಪನವರು ಎದ್ದು ನಿಂತರು. “ನಿಮ್ಮ ಬಸ್ಸಿನ ಟೈಮ್ ಆತು, ಏಳ್ರಿ,” ಎಂದರು. ಚಹಾ ಇನ್ನೂ ಅರ್ಧ ಕಪ್ಪು ಹಾಗೆಯೇ ಇತ್ತು.

ಏನಾಯಿತೆಂದು ತಿಳಿಯದೆ ಮನೆಗೆ ಬಂದು, ನಡೆದದ್ದನ್ನೆಲ್ಲ ನನ್ನ ಹೆಂಡತಿ ರುಹಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು, ನಕ್ಕು ನಕ್ಕು ಗೋಡೆಗೆ ಒರಗಿದಳು. “ಅಯ್ಯ, ಮಾತು ಬಲ್ಲವ್ರು ಅಂತ ನಿಮ್ಮನ್ನ ಕರಕೊಂಡು ಹೋಗಿದ್ರಲ್ಲರಿ!” ಎಂದಳು. ಲೈನ್ ಹೊಡೆಯುವುದರ ಇನ್ನೊಂದು ಅರ್ಥ ಆಗ ನನಗೆ ನೆನಪಾಯಿತು.

ಮರುದಿನವೇ ನಾನು ಎಸ್‌ಟಿಡಿ ಬೂತಿಗೆ ಓಡಿದೆ. ಬೂತಿನವನು ಐದು ದಿನ, “ಲೈನ್ ಸಿಗವಲ್ದರಿ,” ಎಂದ. ತಾವು ಎಲ್ಲಿಗೆ ಹೋಗಿದ್ದಿರೋ ಕಾಣೆ. ಆರನೆಯ ದಿನ ಪುಂಡಲೀಕಪ್ಪನವರ ನೆರೆಮನೆಯವರು ಫೋನ್ ಎತ್ತಿ, “ಲೈನಿನ ಮ್ಯಾಲ ಇರ್ರಿ,” ಎಂದು ಅವರನ್ನು ಕರೆದುಕೊಂಡು ಬಂದರು. ನಾನು ಗಡಿಬಿಡಿಯಲ್ಲಿ, “ಆ ಲೈನಿನ ವಿಷಯ ಮಾತಾಡಬೇಕಾಗಿತ್ರಿ,” ಎಂದೆ. ಆ ಕಡೆಯಿಂದ ಫೋನ್ ಕುಕ್ಕಿದ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ.

ಇಷ್ಟಾದ ಮೇಲೆ ತಮ್ಮ ಮನೆತನ ವಿಚಾರಿಸದೆ ಬಿಡಬಾರದೆಂದು, ಇಂಗ್ಲಿಷ್ ಮಾಸ್ತರರಾದ ಜಹಾಂಗೀರ ಸರ್ ಅವರಲ್ಲಿಗೆ ಹೋದೆ. ಅವರು ದಪ್ಪನೆಯ ಪುಸ್ತಕ ತೆರೆದು ಹೇಳಿದ್ದು ಕೇಳಿ ದಂಗಾದೆ. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ಅಗಸೆ ಗಿಡದ ನಾರಿನ ದಾರಕ್ಕೆ ಇದ್ದ ಹೆಸರೇ ತಮ್ಮ ಮೂಲವಂತೆ. ದಾರ ಎಳೆದು ಹಿಡಿದರೆ ಗೆರೆ, ಗೆರೆಯಂತೆ ನಿಂತರೆ ಸರದಿ, ಹೀಗೆ ಬೆಳೆದಿರಂತೆ. ಅಗಸೆ ಎಂದರೆ ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಅಗಸಿಯೇ, ಮಾನ್ಯರೇ! ತಮ್ಮ ಕುಲದ ಕಾಳನ್ನು ಹುರಿದು, ಖಾರ ಹಾಕಿ ಕುಟ್ಟಿ, ದಿನವೂ ತಿನ್ನುತ್ತಿರುವ ನಮ್ಮ ಮೇಲೆ ತಾವು ಸೇಡು ತೀರಿಸಿಕೊಂಡಿದ್ದರೆ ಅದು ನ್ಯಾಯವೇ ಇರಬಹುದು. ಆದರೆ ಸಿದ್ದರಾಮನಿಗೆ ಅಗಸಿ ಸೇರುವುದಿಲ್ಲ, ಅವನು ಶೇಂಗಾ ಹಿಂಡಿಯವನು.

ಅವನ ಪಾಡು ನೋಡುವಂತಿರಲಿಲ್ಲ. ಮುಳಗುಂದ ನಾಕಾದಲ್ಲಿ ಜನ್ಮದಲ್ಲೇ ಮೊದಲ ಸಲ ಅವನ ಗೆರೆ ಸೊಟ್ಟಾಯಿತು. ಕೆರೆದು ಮತ್ತೆ ಎಳೆದ, ಮತ್ತೆ ಸೊಟ್ಟಾಯಿತು. ನಾನು ಬಾಯಿ ತೆರೆಯುವ ಮೊದಲೇ, “ಲೇ ಖಲೀಲ, ಆ ಶಬ್ದ ನನ್ನ ಮುಂದ ತಗೀಬ್ಯಾಡ,” ಎಂದು ಬ್ರಷ್ ಇಟ್ಟು ರಸ್ತೆಯ ಅಂಚಿಗೆ ಹೋಗಿ ಕುಳಿತ. ತಪ್ಪು ನನ್ನ ನಾಲಿಗೆಯದು, ಶಿಕ್ಷೆ ಅವನಿಗೆ. ಅವತ್ತು ನನಗೂ ಊಟ ಸೇರಲಿಲ್ಲ.

ಒಂದು ತಿಂಗಳ ಮೇಲೆ ಶಿರಹಟ್ಟಿಯ ಶಾಲೆಯ ಮುಂದಿನ ರಸ್ತೆಗೇ ನಮ್ಮ ಆರ್ಡರ್ ಬಂತು. ಸಿದ್ದರಾಮ ಬರುವುದಿಲ್ಲವೆಂದ; ನಾನು ಎಳೆದುಕೊಂಡು ಹೋದೆ. ಹನ್ನೊಂದು ಗಂಟೆಗೆ ಶಾಲೆಯ ಗೇಟಿನಿಂದ ಕಾವೇರಿ ಹೊರಬಂದವರು, ಮಂಡಿಯೂರಿದ್ದ ಸಿದ್ದರಾಮನನ್ನು ನೋಡಿ ನಿಂತರು. ಹುರಿ ನೋಡಿದರು, ಬಣ್ಣದ ಡಬ್ಬಿ ನೋಡಿದರು.

“ನೀವು ಹೊಡಿಯೂ ಲೈನ್ ಇದೇನ್ರಿ?”

ಸಿದ್ದರಾಮ ತಲೆ ಎತ್ತದೆ, “ಹೌದ್ರಿ, ಇದ ಒಂದ,” ಎಂದ.

“ಆವತ್ತ ಕದದ ಸಂದ್ಯಾಗಿಂದ ನೋಡೀನ್ರಿ. ನೀವು ನೆಲ ಬಿಟ್ಟು ಮ್ಯಾಲ ನೋಡ್ಲೇ ಇಲ್ಲ. ಲೈನ್ ಹೊಡಿಯೋರು ಹಿಂಗ ಇರ್ತಾರೇನು ಅಂತ ಅವಾಗ ಅನಸಿತ್ತು,” ಎಂದವರೇ ನಕ್ಕು, “ತಡೀರಿ, ಅಪ್ಪನ್ನ ಕರಕೊಂಡು ಬರ್ತೀನಿ. ಅಲ್ಲೀತನಕ ಸೀದಾ ಎಳೀರಿ,” ಎಂದು ಮನೆಯ ಕಡೆ ಹೋದರು.

ಪುಂಡಲೀಕಪ್ಪನವರು ಬಂದರು. ಸೀದಾ ಗೆರೆಯ ತುದಿಗೆ ಹೋಗಿ, ಕಂಬ ನೆಡುವ ಮೊದಲು ಸಾಲು ನೋಡುತ್ತಿದ್ದಂತೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ಇನ್ನೊಂದು ತುದಿಯವರೆಗೆ ದಿಟ್ಟಿಸಿದರು.

“ಕೂದಲದಷ್ಟೂ ಸೊಟ್ಟ ಇಲ್ಲ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಗೆರಿ ಎಳಿತಾನ ಅಂತ ಹೇಳಾಕ ನಿಮಗೇನಾಗಿತ್ತರಿ?” ಎಂದರು.

ಆ ಪ್ರಶ್ನೆಯನ್ನು ಇದ್ದ ಹಾಗೆಯೇ ತಮಗೆ ಕಳಿಸಿಕೊಡುತ್ತಿದ್ದೇನೆ. ಮುಂದಿನ ತಿಂಗಳು ಮದುವೆ. ತಾವು ಬರಬೇಕೆಂದಿದ್ದರೆ ಒಂದೇ ಅರ್ಥದಲ್ಲಿ ಬರಬೇಕು, ಉಳಿದವುಗಳನ್ನು ಮನೆಯಲ್ಲಿ ಕೂಡಿಹಾಕಿ ಬರಬೇಕು. ಇನ್ನು ಮೇಲೆ ಹೆಣ್ಣು ನೋಡುವ ಮನೆಗಳಲ್ಲಿ ಹೊಸ್ತಿಲು ದಾಟದೆ ಚಪ್ಪಲಿಗಳ ಜೊತೆ ಕಾದಿರಬೇಕು. ಸಾಧ್ಯವಾದರೆ ಒಂದೊಂದು ಅರ್ಥಕ್ಕೂ ಒಂದೊಂದು ಬಣ್ಣದ ಟೊಪ್ಪಿಗೆ ಹಾಕಿಸಬೇಕು. ಬಣ್ಣ ನಮ್ಮಲ್ಲಿದೆ, ಅಳತೆ ಕೊಟ್ಟರೆ ಸಾಕು.

ಇಷ್ಟೆಲ್ಲ ಆದರೂ ನಾಳೆ ಮತ್ತೆ ತಮ್ಮನ್ನೇ ಹೊಡೆಯಲು ಹೋಗಬೇಕಾದ,
ತಮ್ಮ ವಿಶ್ವಾಸಿ
ಖಲೀಲ, ಪೇಂಟರ್, ಬೆಟಗೇರಿ

ತಾ.ಕ.: ಈ ಪತ್ರವನ್ನು ಪೇಪರಿನವರಿಗೆ ಕೊಟ್ಟಾಗ ಅವರು ಡೆಡ್‌ಲೈನ್ ಮುಗಿದಿದೆ ಎಂದರು. ಡೆಡ್ ಎಂದರೆ ಸತ್ತದ್ದು ಎಂದು ಜಹಾಂಗೀರ ಸರ್ ಹೇಳಿದ್ದರಿಂದ ತಾವೇ ತೀರಿಹೋದಿರೆಂದು ತಿಳಿದು, ಸಂತಾಪದ ಬೋರ್ಡನ್ನು ಅರ್ಧ ಬರೆದಿದ್ದೆ. ಅಷ್ಟರಲ್ಲಿ ಸೀಮೆಎಣ್ಣೆ ಅಂಗಡಿಯ ಮುಂದೆ ತಾವು ಇಡೀ ಓಣಿಯುದ್ದ ನಿಂತದ್ದನ್ನು ರುಹಿ ನೋಡಿಬಂದಳು. ಬೋರ್ಡು ಹಾಗೇ ಇಟ್ಟಿದ್ದೇನೆ. ಹೆಸರು ಸರಿಯಾಗಿಯೇ ಬರೆದಿದ್ದೇನೆ, ತಾರೀಖು ಮಾತ್ರ ತಾವು ತಿಳಿಸಿದರಾಯಿತು.