ಯಾವ ಗುಂಪಿಗೂ ಸೇರದ ಬಟನ್

ತೊಂದರೆ ಶುರುವಾದದ್ದು ಕಂಪ್ಯೂಟರ್ ಪರದೆಯ ಕೆಳಮೂಲೆಯಲ್ಲಿದ್ದ ಒಂದು ಬೂದು ಬಟನ್ನಿನಿಂದ. ಅದರ ಮೇಲೆ ಹೆಸರಿರಲಿಲ್ಲ.

ಬಂದರಿನ ಸರಕು ಸಾಗಣೆ ಕಚೇರಿಗೆ ಮೂರು ತಿಂಗಳ ಹಿಂದೆ ತಾತ್ಕಾಲಿಕವಾಗಿ ಸೇರಿ, ಮ್ಯಾನೇಜರ್ ಕೈಯಿಂದಲೇ ಸಂಬಳ ಎಣಿಸಿಕೊಳ್ಳುತ್ತಿದ್ದವನನ್ನು ಎಲ್ಲರೂ ‘ಹೊಸಬ’ ಎಂದೇ ಕರೆಯುತ್ತಿದ್ದರು. ಆ ಬೆಳಿಗ್ಗೆ ಮ್ಯಾನೇಜರ್ ಅವನನ್ನು ಒಳಗೆ ಕರೆದರು.

“ನೋಡಯ್ಯ, ನಮ್ಮ ಕಂಪ್ಯೂಟರು ಏನೇನು ಕೆಲಸ ಮಾಡುತ್ತೆ ಅಂತ ಒಂದೊಂದಾಗಿ ನೋಡಿ ಮೂರು ಗುಂಪು ಮಾಡು. ಬೇಕೇ ಬೇಕು, ಇದ್ರೆ ಒಳ್ಳೇದು, ಬರೀ ದಂಡ. ದಂಡ ಅನ್ನಿಸಿದ್ದನ್ನ ನಿಲ್ಲಿಸಿಬಿಡು. ಸಂಜೆಯೊಳಗೆ ನೆಟ್ಟಗೆ ಮುಗಿಸಿದ್ರೆ ನಿನ್ನ ಕೆಲಸ ಖಾಯಂ.”

ಖಾಯಂ! ಹೊಸಬನ ಕಿವಿಗೆ ಜೇನು ಸುರಿದ ಹಾಗಾಯಿತು. ಅವನು ಅಕ್ಕನ ಮನೆಯ ಸೋಫಾದ ಮೇಲೆ ಮಡಿಸಿದ ಕೊಡೆಯ ಹಾಗೆ ಮಲಗುತ್ತಿದ್ದ. ಖಾಯಂ ನೌಕರಿ ಇಲ್ಲದವನಿಗೆ ಯಾರೂ ಬಾಡಿಗೆಗೆ ಕೋಣೆ ಕೊಡುತ್ತಿರಲಿಲ್ಲ. “ಏನಪ್ಪಾ ಭಾವಮೈದ, ನಿನ್ನ ಕಾಲಿಗೆ ಸ್ವಾತಂತ್ರ್ಯ ಯಾವಾಗ?” ಎಂದು ಭಾವ ದಿನವೂ ಚುಚ್ಚುತ್ತಿದ್ದ.

ಊಟದ ಹೊತ್ತಿಗೆ ಹೊಸಬ ಎಲ್ಲವನ್ನೂ ಹಂಚಿ ಹಾಕಿದ್ದ. ಯಾವ ಕಂಟೈನರ್ ಯಾವ ಹಡಗಿಗೆ, ಯಾರ್ಡಿನಲ್ಲಿ ಅದು ನಿಂತಿರುವುದೆಲ್ಲಿ, ತೂಕ, ಬಿಲ್ಲು: ಇವೆಲ್ಲ ಬೇಕೇ ಬೇಕು. ಸಮುದ್ರದ ಹವೆ ಹೇಳುವ ಪುಟ ಇದ್ದರೆ ಒಳ್ಳೆಯದು. ಹಡಗಿನ ಬಣ್ಣ ತುಂಬಿಸುವ ಜಾಗ ಬರೀ ದಂಡ. ಉಳಿದದ್ದು ಬೂದು ಬಟನ್ ಒಂದೇ. ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವವರಂತೆ, ಕಚೇರಿಯವರೆಲ್ಲ ಪ್ರತಿ ಕೆಲಸದ ಕೊನೆಗೆ ಅದನ್ನು ಒತ್ತುತ್ತಿದ್ದರು. ಹೊಸಬ ಮಾತ್ರ ಇದುವರೆಗೂ ಒತ್ತಿರಲಿಲ್ಲ. ಯಾಕೆಂದು ತಿಳಿಯದೆ ಏನನ್ನೂ ಒತ್ತಬಾರದೆಂಬುದು ಅವನ ಹಟ.

ಬುಕಿಂಗ್ ನೋಡಿಕೊಳ್ಳುವವಳನ್ನು ಕೇಳಿದ. ಕಚೇರಿಗೆಲ್ಲ ಅವಳು ಅಕ್ಕ.

“ಅದಾ? ಕಂಟೈನರ್ ಬಂದಿದೆ ನೋಡ್ಕೊಳ್ರಪ್ಪಾ ಅಂತ ಯಾರ್ಡಿನವರಿಗೆ ತಿಳಿಸೋಕೆ.”

“ಅವರಿಗೆ ತಿಳಿಯುತ್ತಾ ಅಕ್ಕ?”

“ತಿಳೀದೆ ಏನು? ನಾನು ಒತ್ತಿರೋ ಒತ್ತಿಗೆ ಕಲ್ಲಿಗೂ ತಿಳೀಬೇಕು!”

ಯಾರ್ಡಿನ ಮೇಲ್ವಿಚಾರಕನ ಕತ್ತು ಉದ್ದ. ಎಲ್ಲರಿಗೂ ಅವನು ಕ್ರೇನ್ ಮಾಮ. “ನಂಗ್ಯಾರು ತಿಳಿಸ್ತಾರೋ? ಅದು ಬಿಲ್ಲಿನ ಅಜ್ಜನಿಗೆ ಹೋಗೋದು. ನಮ್ಮ ಕೆಲಸ ಮುಗೀತು, ಬಿಲ್ಲು ಹಾಕಿ ಅಂತ,” ಎಂದ.

ನಿವೃತ್ತಿಯ ಅಂಚಿನಲ್ಲಿದ್ದ ಬಿಲ್ಲಿನ ಅಜ್ಜ ಕನ್ನಡಕವನ್ನು ಹಣೆಗೇರಿಸಿದರು. “ನನಗಾ? ನನಗೆ ಮನೇಲೇ ಯಾರೂ ಏನೂ ತಿಳಿಸಲ್ಲ, ಇನ್ನು ಇಲ್ಲಿ! ದುಡ್ಡು ಬಂತು, ಫೈಲು ಮುಚ್ಚಮ್ಮ ಅಂತ ಬುಕಿಂಗ್ ಹುಡುಗಿಗೆ ಹೇಳೋದು ಕಣಯ್ಯ ಅದು.”

ಹೊಸಬನಿಗೆ ಹೊಳೆಯಿತು. ಇಡೀ ಕಚೇರಿ ತನ್ನ ಬಾಲ ತಾನೇ ಹಿಡಿಯಲು ಹೊರಟ ನಾಯಿಯ ಹಾಗೆ ವರ್ಷಗಟ್ಟಲೆ ಸುತ್ತಿತ್ತು! ಬಟನ್ನನ್ನು ‘ಬರೀ ದಂಡ’ದ ಗುಂಪಿಗೆ ತಳ್ಳಿ ನಿಲ್ಲಿಸಿಯೇಬಿಟ್ಟ.

ಗದ್ದಲವೆದ್ದಿತು. “ಅಯ್ಯೋ, ಇದು ಜೀವಾನೇ ಬಿಟ್ಟಿದೆ!” ಎಂದಳು ಅಕ್ಕ. “ಉಪ್ಪಿಲ್ಲದ ಊಟದ ಹಾಗಾಯ್ತು,” ಎಂದು ಅಜ್ಜ ಗೊಣಗಿದರು. ಒತ್ತದೆ ಅಕ್ಕನ ಮನಸ್ಸಿಗೆ ನೆಮ್ಮದಿಯಿಲ್ಲ. ಕೊನೆಗೆ ಫೋನೆತ್ತಿ ಯಾರ್ಡಿಗೆ ಮಾಡಿದಳು.

“ಮಾಮ, ಐಸ್‌ಕ್ರೀಮ್ ಕಂಟೈನರ್‌ಗೆ ಕರೆಂಟ್ ಕೊಟ್ರಿ ತಾನೆ?”

“ಯಾವ ಐಸ್‌ಕ್ರೀಮು?”

“ಬೆಳಿಗ್ಗೆ ಬಂತಲ್ಲ! ಬಿಸಿಲಲ್ಲಿ ನಿಂತಿದೆ!”

ಕ್ರೇನ್ ಮಾಮ ಬಾಲ ಸುಟ್ಟ ಬೆಕ್ಕಿನಂತೆ ಓಡಿದ. ಪುಣ್ಯಕ್ಕೆ ಒಳಗಿನ ತಂಪು ಪೂರ್ತಿ ಇಳಿದಿರಲಿಲ್ಲ. ವೈರು ಸಿಕ್ಕಿಸಿ, ಏದುಸಿರು ಬಿಡುತ್ತ ಕಚೇರಿಗೆ ಬಂದ.

“ಇಷ್ಟು ದಿನ ಹೇಗೆ ಮಾಡ್ತಿದ್ರಿ ಮಾಮ?” ಎಂದ ಹೊಸಬ.

“ಸುತ್ತು ಹೊಡೆಯುವಾಗ ಕಣ್ಣಿಗೆ ಬಿದ್ರೆ ಸಿಕ್ಕಿಸ್ತಿದ್ದೆ.”

“ಓಹೋ,” ಅಜ್ಜ ತಲೆಯಾಡಿಸಿದರು, “ಹೋದ ವರ್ಷದ ಮೀನು ಹಾಗೆ ನಾರಿದ್ದು ಯಾಕೆ ಅಂತ ಈಗ ತಿಳೀತು.”

ಮ್ಯಾನೇಜರ್ ಹೊಸಬನ ಬೆನ್ನು ತಟ್ಟಿದರು. ಎಲ್ಲರೆದುರೇ ಸ್ಪೀಕರ್ ಹಾಕಿ ಮುಖ್ಯ ಕಚೇರಿಗೆ ಫೋನು ಮಾಡಿ, ಈ ಹುಡುಗನನ್ನು ಈಗಲೇ ಖಾಯಂ ಮಾಡಿ ಎಂದರು.

“ಅದಿರಲಿ ಸಾರ್,” ಎಂದಿತು ಆ ಕಡೆಯ ಹೆಣ್ಣುದನಿ, “ಮಧ್ಯಾಹ್ನದಿಂದ ನಿಮ್ಮ ಕಚೇರಿಗೆ ರಜೆ ಕೊಟ್ಟಿದೀರಾ? ಒಬ್ಬರೂ ಕೆಲಸ ಮಾಡ್ತಿಲ್ಲ ಅಂತ ಇಲ್ಲಿ ತೋರಿಸ್ತಿದೆ.”

“ಯಾರಮ್ಮ ಹೇಳಿದ್ದು?”

“ಬೂದು ಬಟನ್ ಸಾರ್. ಅದನ್ನ ಒತ್ತಿದ್ರೆ ಆ ಹೊತ್ತಿಗೆ ಕೆಲಸದಲ್ಲಿದ್ದಾರೆ ಅಂತ ಲೆಕ್ಕ. ಗೊತ್ತಾದ್ರೆ ಸುಮ್ನೆ ಒತ್ತುತ್ತಾ ಕೂರ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ.” ಕೀಲಿಗಳ ಟಕಟಕ ಕೇಳಿಸಿತು. “ಇನ್ನು ನಿಮ್ಮ ಹುಡುಗ... ಸೇರಿದಾಗಿನಿಂದ ಒಂದು ದಿನವೂ ಬಂದೇ ಇಲ್ವಲ್ಲ ಸಾರ್!”

“ಬಂದಿಲ್ವಾ? ನನ್ನ ಮುಂದೇ ನಿಂತಿದಾನಮ್ಮ!”

“ನಿಂತಿರಬಹುದು ಸಾರ್. ಒತ್ತಿಲ್ಲ.”

ಮ್ಯಾನೇಜರ್ ಹೊಸಬನ ತೋಳು ಮುಟ್ಟಿ ನೋಡಿದರು.

“ಹೋಗಲಿ, ಪಾಪ,” ದನಿ ಮೆತ್ತಗಾಯಿತು. “ಇವತ್ತಿಂದ ಹೊಸದಾಗಿ ಸೇರಿಸ್ಕೊತೀವಿ. ಮೊದಲು ಆ ಬಟನ್ ಸರಿ ಮಾಡ್ಸಿ.”

ಹೊಸಬ ಬಾಯಿ ತೆರೆದ. ಬಟನ್ ನಿಂತಿದ್ದಕ್ಕೇ ಐಸ್‌ಕ್ರೀಮು ಉಳಿಯಿತೆಂದು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಅಕ್ಕ, “ನಮ್ಮ ಅರ್ಧ ದಿನ ನುಂಗಿದ್ದು ಸಾಕು, ಮೊದಲು ಚಾಲೂ ಮಾಡೋ ಮಾರಾಯ!” ಎಂದು ಅವನನ್ನು ಕುರ್ಚಿಗೆ ತಳ್ಳಿದಳು.

ಬೂದು ಬಟನ್ ‘ಬೇಕೇ ಬೇಕು’ ಗುಂಪಿನ ತುದಿಗೇರಿತು. ಅಕ್ಕ ಒತ್ತಿದಳು, ಅಜ್ಜ ಒತ್ತಿದರು. ಕ್ರೇನ್ ಮಾಮ ಯಾರ್ಡಿಗೆ ಹಿಂದಿರುಗುವುದನ್ನೇ ಮರೆತು ನಿಂತಲ್ಲೇ ಒತ್ತಿದ. ಹೊಸಬನೂ ಬೆವರೊರೆಸಿಕೊಂಡು, ಯಾಕೆ ಏನು ಎಂದು ಕೇಳದೆ, ಎಲ್ಲರಿಗಿಂತ ಜೋರಾಗಿ ಒತ್ತತೊಡಗಿದ.

ಹೊರಗೆ ಬಿಸಿಲಿನಲ್ಲಿ ಇನ್ನೊಂದು ಕಂಟೈನರ್ ಬಂದು ನಿಂತಿತು. ಅದರೊಳಗೇನಿದೆ ಎಂದು ಫೋನೆತ್ತಿ ಕೇಳಲು ಒಬ್ಬರ ಕೈಯೂ ಬಿಡುವಾಗಿರಲಿಲ್ಲ.